ಗಣಿತ ಬೇಡ ಅಂದವರ ಮಾತು ನಂಬಿದ್ದೆ

ಆಗಸ್ಟ್‌ನಲ್ಲಿ ನನ್ನ ಎಂ.ಎಸ್ಸಿ. ಶುರು. ಫೈನಾನ್ಸ್ ಮತ್ತು ಎಕನಾಮಿಕ್ಸ್, ಎರಡು ವರ್ಷ, ಬೆಂಗಳೂರಿನಲ್ಲಿ. ಸೀಟು ಸಿಕ್ಕಿದ ಸುದ್ದಿ ನಮ್ಮ ಉಡುಪಿಯ ಸಂತೆಕಟ್ಟೆಯಲ್ಲಿ ಹರಡಿದ ಮೇಲೆ ನನಗೆ ಬಂದ ಪ್ರಶ್ನೆಗಳು ಮೂರೇ. ಸಿ.ಎ. ಯಾಕೆ ಮಾಡಲಿಲ್ಲ? ಬ್ಯಾಂಕ್ ಎಕ್ಸಾಂಗೆ ಕೂರಬಹುದಿತ್ತಲ್ಲ? ಮೂರನೆಯದ್ದು ಮೇ ತಿಂಗಳ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಮಾವ ಕೇಳಿದ್ದು: "ಈಗ ಯಾವ ಶೇರು ತಗೊಂಡರೆ ಒಳ್ಳೇದು ಮಾರಾಯ್ತಿ?"

ನಿನಗೆ ಗಣಿತ ಬರುತ್ತದಾ ಅಂತ ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನಬೇಕಿತ್ತು. ಈಗ ಅಷ್ಟಿಷ್ಟು ಬರುತ್ತದೆ. ನನ್ನ ಫ್ರೆಂಡ್ ಲಿಸ್ಟಿನಲ್ಲಿ ಬಿ.ಕಾಂ., ಬಿಬಿಎ ಓದುತ್ತಿರುವ ಮಕ್ಕಳು ತುಂಬ ಇದ್ದಾರೆ. ಮುಂದಿನ ವರ್ಷ ಇದೇ ದಾರಿ ಹಿಡಿಯುವವರು ಯಾರಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಹೊರಗೆ ಹೇಗೂ ಮಳೆ.

ಪಿಯುಸಿ ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಬಿಟ್ಟು ಹಿಸ್ಟರಿ ಇರುವುದನ್ನು ಆರಿಸಿದವಳು ನಾನು. ಹಿಸ್ಟರಿ ಮೇಲಿನ ಪ್ರೀತಿಯಿಂದ ಅಲ್ಲ. ಎಸ್ಸೆಸ್ಸೆಲ್ಸಿ ಗಣಿತ ಪಾಸಾದ ದಿನವೇ ಅದಕ್ಕೂ ನನಗೂ ಋಣ ತೀರಿತು ಅಂದುಕೊಂಡಿದ್ದೆ. ಬಿ.ಕಾಂ. ಮುಗಿಸಿ ಒಂದು ಸಹಕಾರಿ ಸೊಸೈಟಿಯ ಲೆಕ್ಕಪತ್ರ ವಿಭಾಗದಲ್ಲಿ ಮೂರು ವರ್ಷ ಕೆಲಸ ಮಾಡಿದೆ. ಕೂಡಿಸುವುದು, ಕಳೆಯುವುದು, ಟ್ಯಾಲಿ ಮಾಡುವುದು. ಅಲ್ಲಿ ಯಾರೂ ಎಕ್ಸ್, ವೈ ಕೇಳಲಿಲ್ಲ. ಅಡ್ಮಿಷನ್‌ಗೆ ಮುಂಚೆ ಕಾಲೇಜಿಗೆ ಫೋನ್ ಮಾಡಿ, ಗಣಿತ ಬೇಕೇ ಬೇಕಾ ಅಂತ ವಿಚಾರಿಸಿದೆ. ಆಚೆಯವರು ನಗುನಗುತ್ತಾ, "ಬಿ.ಕಾಂ. ಆದವರಿಗೆ ಏನೂ ತೊಂದರೆ ಇಲ್ಲ, ಬೇಕಾದಷ್ಟು ನಾವೇ ಕಲಿಸುತ್ತೇವೆ" ಅಂದರು.

ಆಮೇಲೆ ಸಿಲಬಸ್ ಬಂತು. ಮೊದಲ ಸೆಮಿಸ್ಟರಿನ ಮೈಕ್ರೋ ಎಕನಾಮಿಕ್ಸ್‌ನ ಮೊದಲ ಪಾಠದಲ್ಲೇ ಲಗ್ರಾಂಜ್ ಅನ್ನುವ ಗಣಿತದ ಮನುಷ್ಯ ನಿಂತಿದ್ದ. ಎಕನಾಮೆಟ್ರಿಕ್ಸ್, ಅಂದರೆ ಡೇಟಾ ಹಿಡಿದು ಅರ್ಥಶಾಸ್ತ್ರವನ್ನು ಅಳೆಯುವ ವಿಷಯ, ಪೂರ್ತಿ ಮ್ಯಾಟ್ರಿಕ್ಸ್. ಫೈನಾನ್ಸ್‌ನಲ್ಲಾದರೂ ಉಸಿರಾಡಬಹುದು ಅಂದರೆ ಅಲ್ಲಿ ವೇರಿಯನ್ಸ್, ಕೋವೇರಿಯನ್ಸ್. ಆ ರಾತ್ರಿ ನನಗೆ ನಿಜಕ್ಕೂ ಮಂಡೆಬೆಚ್ಚ ಆಯಿತು.

ಹೆದರಿದವರು ಮಾಡುವ ಮೊದಲ ಕೆಲಸ ದುಡ್ಡು ಖರ್ಚು ಮಾಡುವುದು. ನಾನೂ ಮಾಡಿದೆ. ಫೈನಾನ್ಷಿಯಲ್ ಮಾಡೆಲಿಂಗ್ ಕಲಿಸುತ್ತೇವೆ ಅಂದ ಒಂದು ಆನ್‌ಲೈನ್ ಕೋರ್ಸಿಗೆ ಆರು ಸಾವಿರ ಕಟ್ಟಿದೆ. ಹೆಸರು ಬೇಡ, ಅಂಥವು ಬೇಕಾದಷ್ಟು ಉಂಟು. ಎಕ್ಸೆಲ್ ಶೀಟಿಗೆ ಚಂದದ ಬಣ್ಣ ಹಾಕುವುದು ಕಲಿತೆ. ಆ ಬಣ್ಣದ ಅಡಿಯಲ್ಲಿ ಇರುವ ಫಾರ್ಮುಲಾ ಯಾಕೆ ಹಾಗಿದೆ ಅಂತ ಅವರೂ ಹೇಳಲಿಲ್ಲ, ನನಗೂ ಕೇಳಲು ಗೊತ್ತಿರಲಿಲ್ಲ.

ಕೊನೆಗೆ ಹೋದದ್ದು ನಮ್ಮ ಮನೆಯಿಂದ ನಾಲ್ಕು ಕಾಂಪೌಂಡ್ ಆಚೆ ಇರುವ ಮಾಷ್ಟ್ರ ಹತ್ತಿರ. ಪಿಯು ಕಾಲೇಜಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಸಂಜೆ ಐದರಿಂದ ಆರೂವರೆ ಅಂತ ಮಾತಾಯಿತು. ಫೀಸು ಬೇಡ ಅಂದರು, ಬಸಳೆ ಬಂದಾಗ ಕೊಡು ಅಂದರು.

ಮೊದಲ ದಿನ ಅವರು ಪುಸ್ತಕ ತೆರೆಯಲೇ ಇಲ್ಲ. "ನಿನಗೆ ಬಿ.ಕಾಂ.ನಲ್ಲಿ ಮಾರ್ಜಿನಲ್ ಕಾಸ್ಟಿಂಗ್ ಅಂತ ಇತ್ತಲ್ಲ, ಅದು ಎಂಥದು ಹೇಳು" ಅಂದರು. ಅದು ನನಗೆ ಬಾಯಿಪಾಠ. ಫಿಕ್ಸೆಡ್ ಕಾಸ್ಟ್ ಬಿಟ್ಟು ಬಿಡಿ, ಇನ್ನೊಂದು ಯೂನಿಟ್ ಮಾಡಿದರೆ ಜಾಸ್ತಿ ಆಗುವ ಖರ್ಚು ಎಷ್ಟು ಅಂತ ನೋಡುವುದು. "ಹಾಗಾದರೆ ನಿನಗೆ ಡೆರಿವೇಟಿವ್ ಗೊತ್ತುಂಟು" ಅಂದರು. ನಾನು ನಂಬಲಿಲ್ಲ. ಅವರು ಒಂದು ನೇರ ಗೆರೆ ಎಳೆದರು. ನಿಮ್ಮ ಕಾಸ್ಟ್ ಅಕೌಂಟಿಂಗ್‌ನಲ್ಲಿ ಒಟ್ಟು ಖರ್ಚು ಯಾವಾಗಲೂ ಹೀಗೆ ನೇರ ಗೆರೆ. ಅದಕ್ಕೇ ಇನ್ನೊಂದು ಯೂನಿಟ್ಟಿಗೆ ಜಾಸ್ತಿ ಆಗುವ ಖರ್ಚು ಎಲ್ಲಿ ನೋಡಿದರೂ ಅಷ್ಟೇ. ಆಮೇಲೆ ಅದರ ಪಕ್ಕ ಬಾಗಿದ ಗೆರೆ ಎಳೆದರು. ಗೆರೆ ಬಾಗಿದರೆ ಪ್ರತಿ ಜಾಗದಲ್ಲೂ ಏರು ಬೇರೆ. ಆ ಏರನ್ನು ಅಳೆಯುವುದೇ ಡೆರಿವೇಟಿವ್. ಅಷ್ಟೇ.

ಮೂರು ವರ್ಷ ಬಿ.ಕಾಂ. ಓದಿದವಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಾವು ಓದಿದ್ದು ಸುಳ್ಳಲ್ಲ, ದಾರಿ ನೇರ ಇದ್ದಾಗಿನ ಪಾಠ ಮಾತ್ರ. ಎಂ.ಎಸ್ಸಿ.ಯಲ್ಲಿ ದಾರಿ ಬಾಗುತ್ತದೆ, ಅಲ್ಲಿ ಗಣಿತ ಬೇಕಾಗುತ್ತದೆ. "ಬೇಡ" ಅಂತ ಹೇಳುವವರು ಸೀಟು ತುಂಬಿಸಲು ಹೇಳುವುದು ಅಂತ ನನಗೀಗ ಅನಿಸುತ್ತದೆ. ಸ್ವಲ್ಪ ಕಟುವಾಯಿತೇನೋ, ಇರಲಿ.

(ಡೆರಿವೇಟಿವ್ ಕಲಿಯುತ್ತಿದ್ದೇನೆ ಅಂತ ಬಾಯಿತಪ್ಪಿ ಮಾವನ ಎದುರು ಹೇಳಿದೆ. ಶೇರು ಪೇಟೆಯಲ್ಲೂ ಡೆರಿವೇಟಿವ್ ಅಂತ ಉಂಟು, ಅವರು ಆ ಫ್ಯೂಚರ್ಸು, ಆಪ್ಷನ್ಸಿನ ಆಟ ಅಂದುಕೊಂಡರು. ಹುಡುಗಿ ಹಾಳಾದಳು ಅಂತ ಅಮ್ಮನಿಗೆ ಫೋನ್ ಹೋಯಿತು.)

ಇನ್ನು ಅಪ್ಪನ ವಿಷಯ. ನನ್ನ ಅಪ್ಪ ಪಿಗ್ಮಿ ಕಲೆಕ್ಟರ್. ಇಪ್ಪತ್ತು ವರ್ಷಕ್ಕಿಂತ ಜಾಸ್ತಿಯಾಯಿತು, ಸ್ಕೂಟರಿನಲ್ಲಿ ಅಂಗಡಿ ಅಂಗಡಿ ಸುತ್ತಿ, ಜನ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯದ ದುಡ್ಡನ್ನು ಒಂದು ಸೊಸೈಟಿಗೆ ತಂದು ಕಟ್ಟುತ್ತಾರೆ. ಪಿಗ್ಮಿ ಅನ್ನುವುದೇ ನಮ್ಮ ಊರಿನ ಹುಟ್ಟು. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಅದನ್ನು ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ನಾನೂ ಹೋದ ವರ್ಷ ಜುಲೈ ಒಂದರಿಂದ ಅಪ್ಪನ ಹತ್ತಿರ ದಿನಕ್ಕೆ 100 ರೂಪಾಯಿ ಕಟ್ಟುತ್ತಾ ಬಂದೆ, ಹಾಸ್ಟೆಲ್ ಅಡ್ವಾನ್ಸಿಗೆ ಅಂತ. ಬಡ್ಡಿ 4 ಪರ್ಸೆಂಟ್.

ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪ ಕೇಳಿದರು, "ವರ್ಷಕ್ಕೆ ಬಡ್ಡಿ ಎಷ್ಟಾಯಿತು?" ನಾನು ಮೊಬೈಲ್ ತೆಗೆದೆ. 365 ದಿನಕ್ಕೆ 36,500. ಅದರ 4 ಪರ್ಸೆಂಟ್ 1,460. ಅಪ್ಪ ಸಾರು ಬಡಿಸಿಕೊಳ್ಳುತ್ತಾ, "ಕೊನೆಯ ದಿನ ಕಟ್ಟಿದ ನೂರಕ್ಕೂ ವರ್ಷದ ಬಡ್ಡಿ ಬೇಕಾ ನಿನಗೆ?" ಅಂದರು. ಸರಿ ಅಲ್ವಾ? ಮೊದಲ ನೂರಕ್ಕೆ 365 ದಿನದ ಬಡ್ಡಿ, ಕೊನೆಯದಕ್ಕೆ ಒಂದು ದಿನದ್ದು. ಎಲ್ಲ ಕೂಡಿಸಿ ನೋಡಿದರೆ ವರ್ಷವಿಡೀ ಸರಾಸರಿ ಇದ್ದದ್ದು 18,300 ಮಾತ್ರ. ಬಡ್ಡಿ 732. ಸೊಸೈಟಿಯಲ್ಲಿ ಮೂರು ವರ್ಷ ಕೂತವಳು ನಾನು, ಕಂಪ್ಯೂಟರ್ ಹೇಳಿದ್ದನ್ನು ಪಾಸ್‌ಬುಕ್ಕಿಗೆ ಪ್ರಿಂಟ್ ಮಾಡಿ ಕೊಡುತ್ತಿದ್ದೆ.

ಅಲ್ಲಿಗೆ ಬಿಡಲಿಲ್ಲ ಅಪ್ಪ. ಕಲೆಕ್ಟರಿಗೆ ನೂರಕ್ಕೆ ಮೂರು ರೂಪಾಯಿ ಕಮಿಷನ್ ಅಂತ ಇಟ್ಟುಕೋ ಅಂದರು. 36,500ಕ್ಕೆ 1,095. ಬಡ್ಡಿಗಿಂತ ಕಮಿಷನ್ನೇ ಜಾಸ್ತಿ! ಎರಡೂ ಸೇರಿದರೆ 1,827. ಸರಾಸರಿ 18,300 ರೂಪಾಯಿ ಇಟ್ಟುಕೊಳ್ಳಲು ಸೊಸೈಟಿಗೆ ಬೀಳುವ ಖರ್ಚು ಹತ್ತಿರ ಹತ್ತಿರ 10 ಪರ್ಸೆಂಟ್. ಕಟ್ಟುವವರಿಗೆ ಸಿಗುವುದು ನಾಲ್ಕು, ಸಂಸ್ಥೆಗೆ ಬೀಳುವುದು ಹತ್ತು. ಇನ್ನು ಅವರು ಸಾಲ ಕೊಡುವಾಗ ಹನ್ನೆರಡು, ಹದಿನಾಲ್ಕು ಯಾಕೆ ಕೇಳುತ್ತಾರೆ ಅಂತ ಬೇರೆ ವಿವರಣೆ ಬೇಕಾ? ಕಾಸ್ಟ್ ಆಫ್ ಫಂಡ್ಸ್ ಅನ್ನುವ ಪದವನ್ನು ನಾನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅದು ಅಪ್ಪನ ಸ್ಕೂಟರಿನ ಪೆಟ್ರೋಲು ಅಂತ ಗೊತ್ತಾದದ್ದು ಆವತ್ತು.

ನಮ್ಮ ಜಿಲ್ಲೆಗಳ ಒಂದು ವಿಚಿತ್ರ ನನ್ನನ್ನು ಯಾವಾಗಲೂ ಕಾಡುತ್ತದೆ. 1906ರ ಒಂದೇ ವರ್ಷದಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ಹಾಕಿದರು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿನದ್ದು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಈಗ ಉಳಿದದ್ದು ಎರಡು ಹೆಸರು. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ ಹೋಯಿತು, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಇಷ್ಟು ಬ್ಯಾಂಕ್ ಹೆತ್ತ ಊರಿನಲ್ಲಿ ಬ್ಯಾಂಕ್ ಅಂದರೆ ಕೆಲಸ, ಟ್ರಾನ್ಸ್‌ಫರ್, ಪೆನ್ಷನ್. ಎಕನಾಮಿಕ್ಸ್ ಅಂದರೆ ಬೇರೆ ಸೀಟು ಸಿಗದವರು ಓದುವ ವಿಷಯ. ಈ ಸಣ್ಣ ಕರಾವಳಿಯಲ್ಲೇ ಯಾಕೆ ಇಷ್ಟೊಂದು ಬ್ಯಾಂಕ್ ಹುಟ್ಟಿತು, ಬೇರೆ ಕಡೆ ಯಾಕಿಲ್ಲ ಅಂತ ಕೇಳಿದರೆ ಊರಿನ ದೊಡ್ಡವರು "ನಮ್ಮವರು ಬುದ್ಧಿವಂತರು" ಅಂತ ಮುಗಿಸುತ್ತಾರೆ. ನನಗೆ ಆ ಉತ್ತರ ಸಾಲುವುದಿಲ್ಲ. ನಾನು ಓದಲು ಹೊರಟಿರುವ ಕಾರಣಗಳಲ್ಲಿ ಇದೂ ಒಂದು.

ಮೀನಿನ ಕತೆ ಹೇಳದಿದ್ದರೆ ಈ ಬರಹ ಅರ್ಧ. ಡೇಟಾ ಇಟ್ಟುಕೊಂಡು ಪಳಗಬೇಕು ಅಂತ ಆರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ. ಅದು ಫ್ರೀ, ಆರು ಸಾವಿರ ಕಟ್ಟುವ ಮುಂಚೆ ಗೊತ್ತಿದ್ದರೆ ಚೆನ್ನಾಗಿತ್ತು. ಡೇಟಾ ಎಲ್ಲಿಂದ? ಮಲ್ಪೆ ಬಂದರಿನಿಂದ ನಮ್ಮ ರಸ್ತೆಗೆ ಮೀನು ತರುವ ಅಕ್ಕ ಅಪ್ಪನ ಪಿಗ್ಮಿ ಗಿರಾಕಿ. ಮೇ ತಿಂಗಳಿಡೀ ದಿನಾ ಅವರ ಹತ್ತಿರ ಬಂಗುಡೆಯ ರೇಟು ಎಷ್ಟು, ಎಷ್ಟು ಕೆ.ಜಿ. ಹೋಯಿತು ಅಂತ ಕೇಳಿ ಬರೆದುಕೊಂಡೆ. ತಿಂಗಳ ಕೊನೆಗೆ ರಿಗ್ರೆಷನ್ ಹಾಕಿದೆ, ಅಂದರೆ ಬೆಲೆ ಬದಲಾದಾಗ ಮಾರಾಟ ಹೇಗೆ ಬದಲಾಗುತ್ತದೆ ಅಂತ ಡೇಟಾದಿಂದ ತೆಗೆಯುವ ಲೆಕ್ಕ. ಬೆಲೆ ಏರಿದರೆ ಜನ ಜಾಸ್ತಿ ಮೀನು ತಗೊಳ್ಳುತ್ತಾರೆ ಅಂತ ಉತ್ತರ ಬಂತು. ನಾನು ನಾಲ್ಕು ಸಲ ಪರೀಕ್ಷಿಸಿದೆ. ಅದೇ ಉತ್ತರ.

ಅಕ್ಕನಿಗೆ ಹೇಳಿದರೆ ಅವರು ಬುಟ್ಟಿ ಕೆಳಗಿಟ್ಟು ನಕ್ಕರು. "ಭಾನುವಾರ ಎಲ್ಲರಿಗೂ ಮೀನು ಬೇಕು ಮಗಾ. ರೇಟೂ ಜಾಸ್ತಿ, ಹೋಗುವುದೂ ಜಾಸ್ತಿ. ಸೋಮವಾರ ತಿನ್ನದವರು ಎಷ್ಟು ಜನ ಇಲ್ಲ? ಎರಡೂ ಕಮ್ಮಿ."

ಎಕನಾಮೆಟ್ರಿಕ್ಸ್‌ನ ದೊಡ್ಡ ತಲೆನೋವು ಅದೇ ಅಂತ ಆಮೇಲೆ ಓದಿ ತಿಳಿಯಿತು. ನಮ್ಮ ಕಣ್ಣಿಗೆ ಬೀಳುವ ಬೆಲೆ ಕೊಳ್ಳುವವರು, ಮಾರುವವರು ಇಬ್ಬರೂ ಸೇರಿ ಆದದ್ದು. ಬೆಲೆಗೆ ಕೊಳ್ಳುವವರು ಹೇಗೆ ಬಗ್ಗುತ್ತಾರೆ ಅಂತ ಗೊತ್ತಾಗಬೇಕಾದರೆ ಮಾರುವವರ ಕಡೆಯನ್ನು ಮಾತ್ರ ಅಲುಗಾಡಿಸುವ ಏನಾದರೂ ಬೇಕು. ಕ್ಯಾಥರಿನ್ ಗ್ರಾಡಿ ಅನ್ನುವ ಅರ್ಥಶಾಸ್ತ್ರಜ್ಞೆ ನ್ಯೂಯಾರ್ಕಿನ ಫುಲ್ಟನ್ ಮೀನು ಮಾರ್ಕೆಟಿನಲ್ಲಿ ವೈಟಿಂಗ್ ಅನ್ನುವ ಮೀನಿನ ಲೆಕ್ಕ ಹಿಡಿದು ಇದನ್ನೇ ನೋಡಿದವರು. ಅಲ್ಲಿ ಉಪಯೋಗಕ್ಕೆ ಬಂದದ್ದು ಕಡಲಿನ ಗಾಳಿ, ಅಲೆ. ಕಡಲು ಎದ್ದ ದಿನ ಮೀನು ಕಮ್ಮಿ ಬರುತ್ತದೆ. ಆದರೆ ಊರೊಳಗೆ ತಿನ್ನುವವರ ಆಸೆಯೇನೂ ಅಲೆ ನೋಡಿ ಬದಲಾಗುವುದಿಲ್ಲ. ಅದನ್ನು ಓದಿದಾಗ ನನಗಾದ ಖುಷಿ ಹೇಳಲಿಕ್ಕೆ ಬರುವುದಿಲ್ಲ. ಮಲ್ಪೆಯ ಪಕ್ಕ ಕೂತವಳಿಗೆ ಇದಕ್ಕಿಂತ ಹತ್ತಿರದ ಪಾಠ ಬೇಕಾ?

ನನ್ನ ಹತ್ತಿರ ಇನ್ನೂ ದೊಡ್ಡದು ಉಂಟು ಅಂದುಕೊಂಡೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮಾರುವವರ ಕಡೆಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಅಕ್ಕ ಅದನ್ನೂ ಕೆಡವಿದರು. ನಿಷೇಧದ ತಾರೀಕು ಎಲ್ಲರಿಗೂ ಮೊದಲೇ ಗೊತ್ತು. ಮೇ ಬಿಸಿಲಿಗೆ ಮನೆಮನೆಯಲ್ಲಿ ಒಣಮೀನು ತಯಾರು. ಆಮೇಲೆ ನಾಡದೋಣಿಯವರು ಹೋಗಿಯೇ ಹೋಗುತ್ತಾರೆ. ಪೂರ್ವದ ಕಡಲಿನಲ್ಲಿ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಅಲ್ಲಿಂದ ಲಾರಿಯಲ್ಲಿ ಐಸ್ ಹಾಕಿದ ಮೀನು ಬರುತ್ತದೆ. ಮೊದಲೇ ಗೊತ್ತಿರುವ ಪೆಟ್ಟಿಗೆ ಜನ ಮೊದಲೇ ಬಾಗಿರುತ್ತಾರೆ. ಗಾಳಿಯೇ ವಾಸಿ. ನನ್ನ ನೋಟ್‌ಬುಕ್ಕಿನಲ್ಲಿ ಈಗ ಗಾಳಿಗೂ ಒಂದು ಕಾಲಂ ಉಂಟು.

ಉಳಿದದ್ದು ಬೇಗ ಹೇಳುತ್ತೇನೆ. ಮಾಷ್ಟ್ರ ಹತ್ತಿರ ಡೆರಿವೇಟಿವ್ ಆದ ಮೇಲೆ ಮ್ಯಾಟ್ರಿಕ್ಸ್, ಆಮೇಲೆ ಪ್ರಾಬಬಿಲಿಟಿ. ಲಗ್ರಾಂಜ್ ಈಗ ಹೆದರಿಸುವುದಿಲ್ಲ. ಅಮ್ಮನ ತಿಂಗಳ ಖರ್ಚಿಗೆ ಇನ್ನೊಂದು ರೂಪಾಯಿ ಸಿಕ್ಕಿದರೆ ಮನೆಗೆ ಎಷ್ಟು ಸುಖ ಜಾಸ್ತಿ, ಆ ಲೆಕ್ಕ ಅವನದ್ದು. ಹ್ಯಾರಿ ಮಾರ್ಕೊವಿಟ್ಜ್ ಅನ್ನುವ ಅರ್ಥಶಾಸ್ತ್ರಜ್ಞ 1952ರಲ್ಲಿ ಬರೆದದ್ದು, 1990ರಲ್ಲಿ ಅವರಿಗೆ ನೊಬೆಲ್ ತಂದದ್ದು, ಹೂಡಿಕೆಗಳು ಒಟ್ಟಿಗೆ ಏಳುತ್ತವಾ ಬೀಳುತ್ತವಾ ನೋಡಿ ಅನ್ನುವ ಮಾತು. ಒಂದೇ ಮನೆಯ ಅಣ್ಣತಮ್ಮಂದಿರು ಒಂದೇ ಬೋಟಿಗೆ ಹೋಗಬಾರದು ಅಂತ ಮೀನುಗಾರರ ಮನೆಯ ಅಮ್ಮಂದಿರಿಗೆ ಹೇಳಿಕೊಡಬೇಕಿಲ್ಲ. ಆದರೆ ಎಷ್ಟು ಅಂತ ಅಳೆಯಲು ಕೋವೇರಿಯನ್ಸ್ ಬೇಕು. ದಿನಾ ಪೇಪರಿನ ವಾಣಿಜ್ಯ ಪುಟ ಓದಿ. ರಿಸರ್ವ್ ಬ್ಯಾಂಕಿನ ಆರು ಜನರ ಸಮಿತಿ ಎರಡು ತಿಂಗಳಿಗೊಮ್ಮೆ ರೆಪೊ ದರ (ಬ್ಯಾಂಕುಗಳಿಗೆ ಅದು ಸಾಲ ಕೊಡುವ ಬಡ್ಡಿ) ಹೇಳುವಾಗ ಹಣದುಬ್ಬರದ 4 ಪರ್ಸೆಂಟ್ ಗುರಿಯ ಬಗ್ಗೆ ಎಂಥ ಹೇಳುತ್ತಾರೆ ಅಂತ ಪೂರ್ತಿ ಓದಿ, ಟಿವಿಯ ಕೆಳಗಿನ ಪಟ್ಟಿ ಸಾಲದು. ಎಜುಕೇಷನ್ ಲೋನ್ ತಗೊಳ್ಳುವವರು, ಓದುವಾಗ ಕಂತು ಇಲ್ಲ ಅಂತ ಸಮಾಧಾನ ಪಡಬೇಡಿ, ಬಡ್ಡಿ ಮೊದಲ ದಿನದಿಂದ ಬೆಳೆಯುತ್ತದೆ. ಬಿಟ್ಟು ಹೋಗುವ ಸಂಬಳವನ್ನೂ ಖರ್ಚಿಗೆ ಸೇರಿಸಿ ಲೆಕ್ಕ ಹಾಕಿ. ನಾನು ಹಾಕಿದೆ. ಎರಡು ದಿನ ಊಟ ಸೇರಲಿಲ್ಲ. ಆದರೂ ಹೋಗುತ್ತಿದ್ದೇನೆ.

ನಿನ್ನೆ ನನ್ನ ಪಿಗ್ಮಿ ಪುಸ್ತಕ ಕ್ಲೋಸ್ ಆಯಿತು. ಒಂದು ದಿನವೂ ತಪ್ಪಿಸದೆ ಕಟ್ಟಿದ್ದೆ, 732 ಬರಬೇಕು. ಬಂದದ್ದು 672. ಅಪ್ಪ ಮೇಜಿನ ಮೇಲೆ ದುಡ್ಡು ಇಟ್ಟು, "ಅರವತ್ತು ರೂಪಾಯಿ ಎಲ್ಲಿ ಹೋಯಿತು ಹೇಳು ನೋಡುವ" ಅಂದರು. ನನಗೆ ಇಪ್ಪತ್ತು ನಿಮಿಷ ಬೇಕಾಯಿತು. ಸೊಸೈಟಿಯವರು ದಿನದ ಲೆಕ್ಕ ಹಾಕುವುದಿಲ್ಲ. ಹಿಂದಿನ ತಿಂಗಳ ಕೊನೆಗೆ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಈ ತಿಂಗಳ ಬಡ್ಡಿ. ತಿಂಗಳೊಳಗೆ ಕಟ್ಟಿದ್ದಕ್ಕೆ ಆ ತಿಂಗಳು ಬಡ್ಡಿಯೇ ಇಲ್ಲ. ಬ್ಯಾಂಕುಗಳ ಉಳಿತಾಯ ಖಾತೆಯಲ್ಲಿ 2010ರ ಏಪ್ರಿಲ್‌ನಿಂದ ದಿನದ ಲೆಕ್ಕ ಬಂದಿದೆ. ಇಲ್ಲಿ ಬಂದಿಲ್ಲ.

ಅಪ್ಪನ ಚೀಲದಲ್ಲಿ ಇಂಥ ಪುಸ್ತಕ ನೂರ ನಲವತ್ತು. ಎಲ್ಲ ಸೇರಿ ಎಷ್ಟಾಯಿತು ಅಂತ ಕೇಳಬೇಕು ಅನಿಸಿತು. ಅಷ್ಟರಲ್ಲಿ ಅವರು ರೈನ್‌ಕೋಟ್ ಹಾಕಿಕೊಂಡು ಸ್ಕೂಟರ್ ಹತ್ತಿರ ಹೋಗಿಯಾಗಿತ್ತು.