ಸೂಕ್ಷ್ಮ ಗ್ರಾಹಕಗಳು ಅಂದ್ರೆ ನಾವೇ ಅಂತೆ

ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ಪಂಚಾಯಿತಿ ಬೋರ್ಡಿನಲ್ಲಿ ಹೊಸ ನೋಟಿಸ್ ಕಂಡಿತು. ನಮ್ಮ ಗುಡ್ಡದ ಹಿಂದೆ ಬರಲಿರುವ ಕಲ್ಲು ಕ್ವಾರಿಗೆ ಪರಿಸರ ಅಹವಾಲು ಸಭೆ. ಬರುವ ತಿಂಗಳು, ಬುಧವಾರ, 11 ಗಂಟೆಗೆ. ಸರಿಯಾಗಿ ಅಡಿಕೆ ಕೊಯ್ಲಿನ ಹೊತ್ತಿಗೆ. ಇರಲಿ, ಅದು ಬೇರೆ ಸಂಕಟ.

ಕ್ವಾರಿಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿ ಕೇಳಿದೆ. ಬೀರುವಿನ ಕೀ ಇರುವವರು ಬಂದಿಲ್ಲ ಅಂದರು. ಮಧ್ಯಾಹ್ನ ಮತ್ತೆ ಹೋದೆ. ದಿಂಬಿನಷ್ಟು ದಪ್ಪದ ಪುಸ್ತಕ, ಪೂರ್ತಿ ಇಂಗ್ಲಿಷ್. ಕನ್ನಡದ್ದು ಕೇಳಿದರೆ ಸ್ಟೇಪ್ಲರ್ ಹೊಡೆದ ನಾಲ್ಕು ಹಾಳೆ ಕೊಟ್ಟರು. ಸಾರಾಂಶವಂತೆ. ಫೋಟೋ ಹೊಡೆದುಕೊಂಡು ಬಂದು ಪಕ್ಕದ ಮನೆ ಅಜ್ಜನಿಗೆ ಓದಿ ಹೇಳಿದೆ. "ಸದರಿ ಪ್ರದೇಶದ ಸಮೀಪದಲ್ಲಿ ಸೂಕ್ಷ್ಮ ಗ್ರಾಹಕಗಳು ಇದ್ದು, ಪರಿಣಾಮವು ನಗಣ್ಯವಾಗಿರುತ್ತದೆ."

"ಗ್ರಾಹಕ ಅಂದ್ರೆ ಅಂಗಡಿಗೆ ಬರೋರಲ್ವನ ತಮ್ಮಾ?"

ಅಲ್ಲ ಅಜ್ಜ. ಧೂಳು, ಸದ್ದು ಯಾರಿಗೆ ಜಾಸ್ತಿ ತಾಗುತ್ತದೋ ಅವರು. ಮನೆ, ಶಾಲೆ, ಆಸ್ಪತ್ರೆ. ಅಂದರೆ ನಾನು, ನೀವು, ನಿಮ್ಮ ಕೆಮ್ಮು. ಇಂಗ್ಲಿಷಿನ ರಿಸೆಪ್ಟರ್ ಕನ್ನಡಕ್ಕೆ ಬರುವಾಗ ದಾರಿಯಲ್ಲಿ ಗಿರಾಕಿಯಾಗಿದೆ.

ನನ್ನ ಸಿಟ್ಟು ಇಷ್ಟೇ. ಕೇಳುವುದು ನಮ್ಮನ್ನು, ಕೇಳುವ ಭಾಷೆ ನಮ್ಮದಲ್ಲ. ಇಂಥ ಯೋಜನೆಗಳ ಪರಿಸರ ಪರಿಣಾಮ ಅಳೆಯುವುದಕ್ಕೆ ಕೇಂದ್ರ ಹೊರಡಿಸಿದ 2006ರ ಅಧಿಸೂಚನೆ ತೆಗೆದು ನೋಡಿ. ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿ ಮಟ್ಟಕ್ಕಿಂತ ಕಡಿಮೆಯಿಲ್ಲದವರು ಕೂರಬೇಕು. ಪೂರ್ತಿ ವಿಡಿಯೋ ಆಗಬೇಕು. ಇಷ್ಟೇ ಜನ ಬರಬೇಕು ಅಂತ ಕೋರಂ ಇಲ್ಲ, ನಾಲ್ಕೇ ಜನ ಬಂದರೂ ಸಭೆ ಸಭೆಯೇ. ಎಲ್ಲ ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ಮಾತ್ರ ಬರೀ ಸಾರಾಂಶ. ನಮ್ಮ ಪಾಲಿಗೆ ಹಿಂಡಿದ ಕಬ್ಬಿನ ಸಿಪ್ಪೆ.

ಇನ್ನೂ ತಮಾಷೆ ಕೇಳಿ. 2020ರಲ್ಲಿ ಆ ಅಧಿಸೂಚನೆಯನ್ನೇ ಬದಲಿಸಲು ಕೇಂದ್ರ ಒಂದು ಕರಡು ತಂದಿತು. 30 ದಿನದ ನೋಟಿಸನ್ನು 20ಕ್ಕೆ ಇಳಿಸುವ ಮಾತು ಅದರಲ್ಲಿತ್ತು. ಜನರೇ ಅಭಿಪ್ರಾಯ ಹೇಳಿ ಅಂದರು, ಕರಡು ಮಾತ್ರ ಕನ್ನಡದಲ್ಲಿ ಇಲ್ಲ! 22 ಭಾಷೆಗಳಿಗೆ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ನಮ್ಮ ಹೈಕೋರ್ಟಿನಲ್ಲೂ ಇದೇ ಜಗಳ ನಡೆದು, ಕರಡನ್ನು ಅಂತಿಮ ಮಾಡುವುದಕ್ಕೆ ತಡೆ ಬಿತ್ತು.

"ಅಯ್ಯೋ, ಅದೆಲ್ಲ ಟೆಕ್ನಿಕಲ್ ಸಾರ್, ಕನ್ನಡದಲ್ಲಿ ಬರೆಯೋಕಾಗಲ್ಲ, ಬರೆದರೂ ಹಳ್ಳಿಯವರು ಯಾರು ಓದ್ತಾರೆ" ಅಂತ ಈಗ ಯಾರಾದರೂ ಕಮೆಂಟ್ ಹಾಕುತ್ತಾರೆ. ಗೊತ್ತು. ಅವರಿಗೆ ಶರಾವತಿ ಪಂಪ್ಡ್ ಸ್ಟೋರೇಜ್ ಕಥೆ ಹೇಳುತ್ತೇನೆ. 2000 ಮೆಗಾವಾಟ್ ಯೋಜನೆ. ಅದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪದಲ್ಲಿ ಅಹವಾಲು ಸಭೆ ನಡೆಯಿತಲ್ವಾ, ಆಗ ಅಜ್ಜ ಇದು ಏನು ಅಂತ ಕೇಳಿದ್ದರು. ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಕರೆಂಟ್ ಜಾಸ್ತಿ ಇರುವ ಹೊತ್ತಿನಲ್ಲಿ ಮೇಲಿನ ತಲಕಳಲೆಗೆ ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು ಅಂದೆ. ಅಷ್ಟೇ ಹೇಳಿದ್ದು. ಅಡಿಕೆ ತೋಟಕ್ಕೆ ಹೊಳೆಯಿಂದ ಮೋಟಾರಿನಲ್ಲಿ ನೀರು ಎತ್ತಿದ ಮನುಷ್ಯ, ತಕ್ಷಣ ಕೇಳಿದರು: "ಎತ್ತಕ್ಕೆ ತಿನ್ನೋ ಕರೆಂಟು ಹುಟ್ಟೋದಕ್ಕಿಂತ ಜಾಸ್ತಿ ಆಗ್ತದಲ್ಲ?" ಆಗುತ್ತದೆ. ಸಂಜೆ ಹೊತ್ತಿನ ಬೇಡಿಕೆಗಾಗಿ ಆ ನಷ್ಟ ಒಪ್ಪಿಕೊಳ್ಳುತ್ತಾರೆ ಅಂತ ನಾನು ಹೇಳುವಷ್ಟರಲ್ಲಿ, ಸಿಂಗಳೀಕಗಳ ಕಾಡಿನೊಳಗೆ ಸುರಂಗ ಕೊರೆದ ಮಣ್ಣು ಎಲ್ಲಿ ಹಾಕ್ತಾರೆ ಅಂತ ಎರಡನೇ ಪ್ರಶ್ನೆ. ಓದಿದ್ದು ನಾಲ್ಕನೇ ಕ್ಲಾಸು. ಪಹಣಿಯ ಒಂದೊಂದು ಕಾಲಮ್ಮೂ ಬಾಯಿಪಾಠ. ಲಿಂಗನಮಕ್ಕಿಯಲ್ಲಿ ಮನೆ ಮುಳುಗಿಸಿಕೊಂಡು ಬಂದವರಿಗೆ ಕಾಗದ ಓದುವುದು ಯಾರೂ ಕಲಿಸಬೇಕಿಲ್ಲ.

ಇಷ್ಟೆಲ್ಲ ಕೂಗಾಡಿ ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ಕೆಲವು ವರ್ಷದ ಹಿಂದೆ, ನಾನು ಬೆಂಗಳೂರು ಬಿಟ್ಟು ಬಂದ ಹೊಸತರಲ್ಲಿ, ಹೀಗೇ ಒಂದು ಸಭೆಯಲ್ಲಿ ಮೈಕ್ ಸಿಕ್ಕಿತ್ತು. ನಾನು ಮಾತಾಡಿದ್ದು ಇಂಗ್ಲಿಷಿನಲ್ಲಿ. ವೇದಿಕೆ ಮೇಲಿದ್ದವರು ತಲೆ ಎತ್ತಿ ನೋಡಲಿ ಅಂತ. ನೋಡಿದರು ಕೂಡ, ಒಬ್ಬರು ಪೆನ್ನು ತೆಗೆದರು. ನನಗೋ ಖುಷಿ. ಮನೆಗೆ ಬರುವಾಗ ಅಮ್ಮ, "ಎಲ್ಲರೂ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಟಿದೆ. ಎಂತ ಹೇಳಿದ್ಯೋ?" ಅಂದಿದ್ದಳು.

ಶನಿವಾರ ಸಂಜೆ ನಮ್ಮ ಜಗಲಿಯಲ್ಲಿ ಆ ದಿಂಬನ್ನು ಬಿಚ್ಚಿ ಕೂರುತ್ತೇವೆ. ಧೂಳು ಮತ್ತು ಕೆರೆ ನೀರಿನ ಅಧ್ಯಾಯ ಮೊದಲು. ಇಂಗ್ಲಿಷ್ ಬರುವ ಮಕ್ಕಳನ್ನು ಕಳಿಸಿ. ಕಾಫಿ ನಮ್ಮನೆಯದು. 'ನಗಣ್ಯ' ಅಂದರೆ ಎಷ್ಟು ಅಂತ ಅಜ್ಜ ಈಗಾಗಲೇ ಎರಡು ಸಲ ಕೇಳಿದ್ದಾರೆ.