ರೋಗಿಯ ಪ್ರಶ್ನೆಗೆ ದುಡ್ಡು ಹಾಕುವವರು ಯಾರು?

ಇನ್ಸುಲಿನ್ ಇಲ್ಲದೆ ಬರೀ ಮಾತ್ರೆಯಲ್ಲಿರುವ ಶುಗರ್ ಪೇಷೆಂಟ್ ದಿನಾ ಬೆರಳು ಚುಚ್ಚಿಕೊಳ್ಳಬೇಕಾ? ನಮ್ಮ ಎಷ್ಟೋ ಮನೆಗಳಲ್ಲಿ ಸ್ಟ್ರಿಪ್ ಡಬ್ಬಿ ಖಾಲಿಯಾದಾಗಲೆಲ್ಲ ಏಳುವ ಪ್ರಶ್ನೆ ಇದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 450 ಜನರನ್ನು ಸೇರಿಸಿಕೊಂಡು ಇದನ್ನೇ ಪರೀಕ್ಷೆ ಮಾಡಿದರು. ಒಂದು ಗುಂಪು ಚುಚ್ಚಿಕೊಳ್ಳುವುದೇ ಬೇಡ. ಇನ್ನೊಂದು ಗುಂಪು ದಿನಕ್ಕೊಮ್ಮೆ. ಮೂರನೆಯದೂ ದಿನಕ್ಕೊಮ್ಮೆಯೇ, ಆದರೆ ಮೀಟರಿನಲ್ಲೇ ಸಲಹೆಯ ಮೆಸೇಜ್ ಬರುತ್ತದೆ. ವರ್ಷ ಕಳೆದ ಮೇಲೆ ನೋಡಿದರೆ ಮೂರೂ ಗುಂಪಿನ ಎಚ್‌ಬಿಎ1ಸಿಯಲ್ಲಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶ ಇದು. (ಓದಿದ ತಕ್ಷಣ ಮೀಟರನ್ನು ಅಟ್ಟಕ್ಕೆ ಹಾಕಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರ ಕಥೆ ಬೇರೆ, ಶುಗರ್ ಏಕಾಏಕಿ ಇಳಿಯುವವರ ಕಥೆ ಬೇರೆ. ನಿಮ್ಮ ಡಾಕ್ಟರನ್ನು ಕೇಳಿ.)

ಇಂಥ ಸ್ಟಡಿಗೆ ದುಡ್ಡು ಕೊಡುವವರು ಯಾರು? ಸ್ಟ್ರಿಪ್ ಮಾರುವ ಕಂಪನಿಯಂತೂ ಕೊಡುವುದಿಲ್ಲ ಅಲ್ವಾ. ಇದಕ್ಕೆ ಕೊಟ್ಟದ್ದು ಪಿಕೋರಿ. ಪೂರ್ತಿ ಹೆಸರು ಪೇಷೆಂಟ್ ಸೆಂಟರ್ಡ್ ಔಟ್‌ಕಮ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್. 2010ರಲ್ಲಿ ಒಬಾಮಾ ಕಾಲದ ಆರೋಗ್ಯ ಕಾಯ್ದೆಯಲ್ಲಿ ಹುಟ್ಟಿದ ಸಂಸ್ಥೆ. ಈಗಾಗಲೇ ಬಳಕೆಯಲ್ಲಿರುವ ಎರಡು ಚಿಕಿತ್ಸೆಗಳಲ್ಲಿ ಯಾವುದು ಯಾರಿಗೆ ಒಳ್ಳೆಯದು ಅಂತ ಹೋಲಿಸಿ ನೋಡುವ ಸಂಶೋಧನೆಗೆ ಹಣ ಕೊಡುವುದು ಇದರ ಕೆಲಸ. ಆ ಹಣದ ಒಂದು ಭಾಗ ಇನ್ಶೂರೆನ್ಸಿನಿಂದಲೇ ಬರುತ್ತದೆ. ಪಾಲಿಸಿಯಲ್ಲಿರುವ ಪ್ರತಿ ತಲೆಗೆ ಮೊದಲ ವರ್ಷ 1 ಡಾಲರ್, ಮರುವರ್ಷ 2 ಡಾಲರ್, ಆಮೇಲೆ ವರ್ಷ ವರ್ಷ ಸ್ವಲ್ಪ ಏರಿಕೆ. 2019ರ ಕೊನೆಯಲ್ಲಿ ಇದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದರು.

ದುಡ್ಡು ಸಿಗುತ್ತದೆ ಅಂದಮೇಲೆ ಸಂಶೋಧಕರು ಕುಣಿದಾಡಬೇಕಿತ್ತು. ಹಾಗೇನೂ ಆಗಲಿಲ್ಲ. ಅಲ್ಲಿ ಗ್ರಾಂಟ್ ಅಂದರೆ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್. ಪ್ರಶ್ನೆ ವಿಜ್ಞಾನಿಯದು, ಅದು ಚೆನ್ನಾಗಿದೆಯಾ ಅಂತ ಹೇಳುವವರೂ ವಿಜ್ಞಾನಿಗಳೇ. ಪಿಕೋರಿಯಲ್ಲಿ ಅರ್ಜಿ ಓದುವ ಸಮಿತಿಯಲ್ಲಿ ವಿಜ್ಞಾನಿಗಳ ಪಕ್ಕ ರೋಗಿಗಳೂ ಅವರನ್ನು ನೋಡಿಕೊಳ್ಳುವವರೂ ಕೂರುತ್ತಾರೆ, ಅಂಕ ಕೊಡುತ್ತಾರೆ. ರೋಗಿಗಳನ್ನು ಈ ಕೆಲಸದಲ್ಲಿ ಹೇಗೆ ಸೇರಿಸಿಕೊಳ್ಳುತ್ತೀರಿ ಅಂತ ಅರ್ಜಿಯಲ್ಲೇ ಬರೆಯಬೇಕು. ಅವರ ಸಮಯಕ್ಕೆ ಬಜೆಟ್ಟಿನಲ್ಲಿ ದುಡ್ಡು ಇಡಬೇಕು.

ಗೊಣಗಾಟ ಶುರುವಾಗುವುದು ಇಲ್ಲಿ. ಪೇಪರ್ ವರ್ಕ್ ಜಾಸ್ತಿ, ಟೈಮ್ ಹಿಡಿಯುತ್ತದೆ, ರೋಗಿಗಳಿಗೆ ಸ್ಟ್ಯಾಟಿಸ್ಟಿಕ್ಸ್ ಎಲ್ಲಿ ಗೊತ್ತಾಗುತ್ತದೆ ಅನ್ನುವ ಮಾತು. ಪೇಪರ್ ವರ್ಕ್ ನೆಪ ಅಂತಲೇ ನನಗೆ ಅನ್ನಿಸುವುದು. ಎನ್‌ಐಎಚ್ ಅರ್ಜಿಯೇನು ಅಂಚೆ ಕಾರ್ಡಿನಲ್ಲಿ ಮುಗಿಯುತ್ತದಾ? ನಿಜವಾದ ಸಂಕಟ ಪ್ರಶ್ನೆ ಕೈತಪ್ಪಿ ಹೋಗುವುದು. ಇಪ್ಪತ್ತು ವರ್ಷ ಒಂದೇ ವಿಷಯ ಓದಿದವರಿಗೆ ರೋಗಿಯೊಬ್ಬರು "ನೀವು ಅಳೆಯುತ್ತಿರುವುದು ನನಗೆ ಬೇಕಾದ್ದಲ್ಲ" ಅಂದರೆ ಮುಳ್ಳು ಚುಚ್ಚಿದ ಹಾಗೆ. ಇನ್ನೊಂದು, ಎರಡು ಹಳೇ ಮಾತ್ರೆಗಳನ್ನು ಹೋಲಿಸಿ "ಎರಡೂ ಒಂದೇ" ಅಂತ ಬರೆದರೆ ಪೇಟೆಂಟ್ ಬರುವುದಿಲ್ಲ, ದೊಡ್ಡ ಹೆಸರೂ ಬರುವುದಿಲ್ಲ. ಅದಕ್ಕೇ ಇಂಥ ಕೆಲಸಕ್ಕೆ ಬೇರೆ ಗಂಟೇ ಕಟ್ಟಿಡಬೇಕು, ಬೇರೆ ಷರತ್ತೂ ಹಾಕಬೇಕು ಅನ್ನುವುದು ನನ್ನ ವಾದ. ಸುಮ್ನೆ ಬಿಟ್ಟರೆ ಯಾರೂ ಈ ಕಡೆ ತಲೆ ಹಾಕುವುದಿಲ್ಲ.

ಆಸ್ಪಿರಿನ್ ಸ್ಟಡಿಯನ್ನೇ ನೋಡಿ. ಅಮೆರಿಕದಲ್ಲಿ ಹಾರ್ಟ್ ಪೇಷೆಂಟುಗಳಿಗೆ ಕೆಲವರು 81 ಮಿಲಿಗ್ರಾಂ ಬರೆಯುತ್ತಿದ್ದರು, ಕೆಲವರು 325. (ನಮ್ಮಲ್ಲಿ 75, 150ರ ಗುಳಿಗೆ.) ಯಾವುದು ಸರಿ? ಪಿಕೋರಿ ದುಡ್ಡಿನಲ್ಲಿ ಸುಮಾರು 15,000 ಜನರ ಮೇಲೆ ಅಡಾಪ್ಟಬಲ್ ಅನ್ನುವ ಟ್ರಯಲ್ ನಡೆಯಿತು. ರೋಗಿಗಳೇ ಅದರ ಪಾಲುದಾರರು, ಅವರನ್ನು ಅಡಾಪ್ಟರ್ಸ್ ಅಂತ ಕರೆದರು. 2021ರಲ್ಲಿ ಫಲಿತಾಂಶ ಬಂತು. ಸಾವು, ಹಾರ್ಟ್ ಅಟ್ಯಾಕ್, ಸ್ಟ್ರೋಕ್, ದೊಡ್ಡ ರಕ್ತಸ್ರಾವ, ಯಾವುದರಲ್ಲೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಆದರೆ 325 ಸಿಕ್ಕವರಲ್ಲಿ 100ಕ್ಕೆ ಸುಮಾರು 42 ಜನ ಡೋಸ್ ಬದಲಾಯಿಸಿಬಿಟ್ಟರು. 81ರವರಲ್ಲಿ ಹಾಗೆ ಮಾಡಿದ್ದು 7 ಜನ.

ಲೆಕ್ಕ ನೋಡುವವರಿಗೆ ಇದು ಟ್ರಯಲ್ ಕೆಟ್ಟುಹೋದ ಗುರುತು. ಅವರ ಮಾತು ತಳ್ಳಿಹಾಕುವಂಥದ್ದಲ್ಲ, ಇಷ್ಟು ಜನ ಆಚೀಚೆ ಆದರೆ ಎರಡು ಡೋಸಿನ ಹೋಲಿಕೆ ಮಸುಕಾಗುತ್ತದೆ, ನಿಜ. ಆದರೂ ಜನ ಯಾವ ಮಾತ್ರೆ ಬಿಡುತ್ತಾರೆ, ಯಾವುದನ್ನು ಇಟ್ಟುಕೊಳ್ಳುತ್ತಾರೆ ಅನ್ನುವುದೂ ಫಲಿತಾಂಶವೇ. ರೋಗಿ ನುಂಗದ ಮಾತ್ರೆ ಎಷ್ಟು ಒಳ್ಳೆಯದಾದರೆ ಏನು?

ಸಂಶೋಧಕರ ಎಲ್ಲ ದೂರೂ ನೆಪವಲ್ಲ. ಎಷ್ಟೋ ಕಡೆ ರೋಗಿಯನ್ನು ಫೋಟೋಗೆ ಕೂರಿಸಿದ ಹಾಗೆ ಮೀಟಿಂಗಿಗೆ ಕೂರಿಸಿ ಕಳಿಸುತ್ತಾರೆ. ದುಡ್ಡಿನ ವಿಷಯದಲ್ಲಂತೂ ಕಾಯ್ದೆಯೇ ಕೈ ಕಟ್ಟಿಹಾಕಿತ್ತು. ಇಷ್ಟು ಆಯುಸ್ಸಿಗೆ ಇಷ್ಟು ಡಾಲರ್ ಅಂತ ಗೆರೆ ಎಳೆದು ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಪಿಕೋರಿ ಹೇಳುವ ಹಾಗಿಲ್ಲ. ಆ ಮಟ್ಟಿಗೆ ನನಗೂ ಒಪ್ಪಿಗೆ. ಆದರೆ ರೋಗಿಯ ಮೊದಲ ಪ್ರಶ್ನೆಯೇ "ಎಷ್ಟಾಗುತ್ತದೆ?" ಅಲ್ವಾ. 2019ರ ನವೀಕರಣದಲ್ಲಿ ರೋಗಿಗೆ ಬೀಳುವ ಖರ್ಚಿನ ಹೊರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಅಂತ ಸೇರಿಸಿದರು. ತಡವಾಯಿತು, ಆದರೂ ಆಯಿತು.

ನಮ್ಮಲ್ಲಿ ಚಿಕಿತ್ಸೆಗಳ ವೆಚ್ಚದ ಲೆಕ್ಕ ನೋಡುವುದಕ್ಕೆ 2017ರಿಂದ ಕೇಂದ್ರ ಸರ್ಕಾರದ ಎಚ್‌ಟಿಎಇನ್ ಅನ್ನುವ ಸಂಸ್ಥೆ ಇದೆ. ಸಂಶೋಧನೆಗೆ ಅನುಮತಿ ಕೊಡುವ ಪ್ರತಿ ಎಥಿಕ್ಸ್ ಕಮಿಟಿಯಲ್ಲೂ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು ಅನ್ನುವ ನಿಯಮವೂ ಇದೆ. ಆದರೆ ಅವರ ಮುಂದೆ ಫೈಲ್ ಬರುವ ಹೊತ್ತಿಗೆ ಪ್ರಶ್ನೆ ತೀರ್ಮಾನವಾಗಿ, ಪ್ರಿಂಟ್ ಆಗಿ, ಸಹಿ ಬಿದ್ದಿರುತ್ತದೆ. ಒಪ್ಪಿಗೆ ಪತ್ರದ ಕನ್ನಡ ಅರ್ಥವಾಗುತ್ತದಾ ಅಂತ ಕೇಳಬಹುದು, ಅಷ್ಟೇ.

ಪ್ರಶ್ನೆಗೇನು ಬರವಿಲ್ಲ. ವಾರಕ್ಕೆ ಮೂರು ಡಯಾಲಿಸಿಸ್ ಅಂತ ಪುಸ್ತಕದಲ್ಲಿದೆ. ನಮ್ಮಲ್ಲಿ ಎಷ್ಟೋ ಜನ ಎರಡಕ್ಕೇ ನಿಲ್ಲಿಸುತ್ತಾರೆ. ಬಸ್ ಚಾರ್ಜು, ಜೊತೆಗೆ ಬರುವ ಮಗನ ಒಂದು ದಿನದ ಕೂಲಿ, ಮನೆಗೆ ಬಂದ ಮೇಲೆ ಮಲಗಿಬಿಡುವ ಸುಸ್ತು. ಎರಡರಲ್ಲೇ ಯಾರು ಸುಧಾರಿಸಿಕೊಂಡು ಹೋಗಬಹುದು, ಯಾರಿಗೆ ಮೂರು ಬೇಕೇ ಬೇಕು? ಈ ಕೂಲಿ, ಬಸ್ಸು, ಸುಸ್ತು ಎಲ್ಲವನ್ನೂ ಅಳೆದು ಉತ್ತರ ಕೊಡುವ ದೊಡ್ಡ ಸ್ಟಡಿ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೇ ನಡೆಯಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ, ಇನ್ನೂ ಏನೇನು ಅಳೆಯಬೇಕು ಅಂತ ಅವರೇ ಹೇಳುತ್ತಾರೆ. ಇಲ್ಲಿ ಕೆಳಗೆ ಬರೆಯಿರಿ.