ಅಮ್ಮನ ಮಾತು ಮರೆತು ಬಂದ ಮಗಳು

ಸ್ವೀಡನ್ನಿಗೆ ಬಂದು ಹನ್ನೆರಡು ವರ್ಷವಾಯಿತು. ನಮ್ಮ ಬೀದಿಯ ಕೊನೆ ಮನೆಯ ಅಜ್ಜಿ ಫಿನ್‌ಲ್ಯಾಂಡಿನವರು. ಅವರು 'ಯುದ್ಧದ ಮಗು' ಎಂದು ಗೊತ್ತಾಗಿದ್ದು ಹೋದ ಚಳಿಗಾಲದಲ್ಲಿ, ಕಾಫಿಗೆ ಕರೆದಾಗ.

1939ರ ಕೊನೆಯಲ್ಲಿ ಸೋವಿಯತ್ ಸೇನೆ ಫಿನ್‌ಲ್ಯಾಂಡಿನ ಮೇಲೆ ಬಿತ್ತು. ಆ ಯುದ್ಧಗಳ ಕಾಲದಲ್ಲಿ ಸುಮಾರು 70,000 ಮಕ್ಕಳನ್ನು ಸ್ವೀಡನ್ನಿಗೆ ಕಳಿಸಿದರು. ಈ ಅಜ್ಜಿ ಬಂದಿದ್ದು 1944ರಲ್ಲಿ, ಹೆಲ್ಸಿಂಕಿ ಮೇಲೆ ಬಾಂಬ್ ಸುರಿದ ಮೇಲೆ. ಆಗ ಐದು ವರ್ಷ. ಎರಡು ದೇಶಗಳ ರೈಲು ಹಳಿಯ ಅಗಲವೇ ಬೇರೆ. ಹಾಗಾಗಿ ಗಡಿಯಲ್ಲಿ ಇಳಿಸಿ, ಸ್ನಾನ ಮಾಡಿಸಿ, ಹೇನು ತೆಗೆದು, ಬೇರೆ ರೈಲು ಹತ್ತಿಸಿದರು. ಜೊತೆಗಿದ್ದ ಅಣ್ಣ ಇನ್ಯಾವುದೋ ಊರಿಗೆ ಹೋದ.

ಇವರು ಸೇರಿದ್ದು ಒಂದು ರೈತರ ಮನೆ. ಹಸು, ಹಾಲು, ಬೆಣ್ಣೆ ಯಾವುದಕ್ಕೂ ಕೊರತೆಯಿಲ್ಲ. ಆದರೆ ಕೊರಳಲ್ಲಿದ್ದ ಹೆಸರಿನ ಚೀಟಿಯನ್ನು ಎಷ್ಟೋ ದಿನ ಬಿಚ್ಚಲು ಬಿಡಲಿಲ್ಲವಂತೆ. ಅದಿಲ್ಲದಿದ್ದರೆ ಅಮ್ಮ ಹುಡುಕೋದು ಹೇಗೆ ಅಂತ. ಆ ಮನೆಯಾಕೆ ಬಲವಂತ ಮಾಡಲಿಲ್ಲ. ಚೀಟಿಯ ಸಮೇತ ಮಲಗಿಸಿದರು. ಎರಡು ವರ್ಷದಲ್ಲಿ ಆಕೆಯೇ 'ಮಮ್ಮಾ' ಆಗಿಬಿಟ್ಟರು.

1946ರಲ್ಲಿ ವಾಪಸ್ ಕಳಿಸಿದಾಗ ನಿಲ್ದಾಣದಲ್ಲಿ ಹೆತ್ತಮ್ಮ ತಬ್ಬಿಕೊಂಡು ಏನೇನೋ ಹೇಳಿದರು. ಮಗಳಿಗೆ ಒಂದು ಪದವೂ ತಿಳಿಯಲಿಲ್ಲ. ಫಿನ್ನಿಶ್ ಪೂರ್ತಿ ಮರೆತುಹೋಗಿತ್ತು.

ಇದನ್ನು ಕೇಳಿ ನನಗೆ ಸಾಗರದ ಅಜ್ಜಿ ಮನೆ ನೆನಪಾಯಿತು. ಅಪ್ಪನಿಗೆ ದೂರದ ಊರಲ್ಲಿ ಕೆಲಸ. ನಾನು ನಾಲ್ಕು ವರ್ಷ ಅಜ್ಜಿಯ ಹತ್ತಿರವೇ ಓದಿದೆ. ರಜೆಗೆ ಅಮ್ಮ ಬಂದರೆ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತಿದ್ದೆ. ಸಂಜೆಯೊಳಗೆ ಸರಿಹೋಗುತ್ತಿತ್ತು, ಯಾಕೆಂದರೆ ಅಮ್ಮ ಬೈದರೂ ಮುದ್ದು ಮಾಡಿದರೂ ಅದು ನಾನು ದಿನಾ ಕೇಳುವ ಮಾತೇ. ನಮ್ಮಲ್ಲಿ ಮಗುವನ್ನು ಬಿಡುವುದಾದರೆ ಅಜ್ಜಿ, ಸೋದರಮಾವ, ದೊಡ್ಡಮ್ಮ ಅಂತ ಯಾರಾದರೂ ಇರುತ್ತಾರೆ. ಆ ಪದ್ಧತಿಯ ಬೆಲೆ ನನಗೆ ಗೊತ್ತಾಗಿದ್ದು ಇಲ್ಲಿ ಕೂತು.

ಹಾಗಂತ ಸ್ವೀಡನ್ನಿನವರನ್ನು ದೂರಲಾರೆ. ಗುರುತಿಲ್ಲದ ಮಗುವಿಗೆ ಮನೆ ಬಾಗಿಲು ತೆರೆಯುವುದು ಸಣ್ಣ ಮಾತಲ್ಲ. ನಾವು ಜಾತಿ, ಬಳಗ ನೋಡದೆ ಅಷ್ಟು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದೆವಾ? ನನಗೆ ಅನುಮಾನ. ಆದರೆ ಅಣ್ಣ ತಂಗಿಯನ್ನು ಒಂದೇ ಊರಲ್ಲಿ ಇಡಬೇಕಿತ್ತು. ಜೊತೆಗೆ ಫಿನ್ನಿಶ್ ಆಡಲು ಒಬ್ಬರಾದರೂ ಇರುತ್ತಿದ್ದರು, ಅಲ್ವಾ?

ಈಗ ಇಲ್ಲಿನ ಕಾನೂನು ಬೇರೆ. ಒಂದು ಊರಲ್ಲಿ ಐದು ಮಕ್ಕಳು ಕೇಳಿದರೆ, ಕಲಿಸುವವರು ಸಿಕ್ಕರೆ, ನಗರಾಡಳಿತ ಮನೆಮಾತಿನ ಪಾಠ ಕೊಡಲೇಬೇಕು. ನಮ್ಮೂರಲ್ಲಿ ಕನ್ನಡದ ಮನೆಗಳು ಐದಕ್ಕಿಂತ ಜಾಸ್ತಿ ಇವೆ. ಅರ್ಜಿ ಹಾಕಿದ್ದು ಎರಡು ಮನೆಯವರು ಮಾತ್ರ. ನಮ್ಮನ್ನು ಯಾವ ಬಾಂಬೂ ಓಡಿಸಿಲ್ಲ, ಕೆಲಸಕ್ಕೆ ಅಂತ ಬಂದವರು ನಾವು. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಭಾನುವಾರ ಊರಿಂದ ಅಮ್ಮ ಫೋನ್ ಮಾಡಿದರು. ಮೊದಲೆಲ್ಲ ನಾನೇ ಮಧ್ಯೆ ಕೂತು ಮಗಳ ಸ್ವೀಡಿಶ್ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಈ ಸಲ ಫೋನನ್ನು ಅವಳ ಕೈಗೆ ಕೊಟ್ಟು ಅಡುಗೆಮನೆಗೆ ಹೋದೆ. ತುಂಬಾ ಹೊತ್ತು ತಡವರಿಸಿದಳು. ಆಮೇಲೆ, "ಅಜ್ಜಿ, ನಿಂದು ಊಟ ಆಯ್ತಾ?" ಅಂದಳು.